ಮಗಳಿಗೊಂದು ಪತ್ರ: ಚೌಕವಾಗಿಯೇ ಬಿಟ್ಟ ಮರ

ಪುಟ್ಟಿ,

ಪಾರ್ಸೆಲ್ ಬಿಚ್ಚಿದ ಕೂಡಲೇ ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಎರಡು ವರ್ಷದಿಂದ ಫೋನಿನಲ್ಲಿ 'ನಿನ್ನ ಕ್ರಾಸ್‌ಬೋಗೆ ಸ್ಟಾಕ್ ಮಾಡ್ತಿದೀನಿ ಕಣೇ' ಅಂತ ಹೇಳಿ ಹೇಳಿ, ಬಂದೂಕಿನ ಹಾಗೆ ಹೆಗಲಿಗಿಟ್ಟು ಬಾಣ ಬಿಡುವ ಆ ಅಡ್ಡಬಿಲ್ಲಿನ ಮರದ ಮೈಯ ಬದಲು ಕೊನೆಗೆ ಕಳಿಸಿದ್ದು ಒಂದು ಮರದ ದಿಮ್ಮಿ. ಹಿಡಿಯಿಲ್ಲ, ಕೆನ್ನೆ ಇಡುವ ಉಬ್ಬಿಲ್ಲ, ಹೊಳಪಿನ ಮಾತಂತೂ ದೂರ. ಬದಿಯಿಂದ ನೋಡಿದರೆ ಯಾವುದೋ ಬಾಗಿಲವಾಡದಿಂದ ಕಿತ್ತು ತಂದ ತುಂಡಿನ ಹಾಗಿದೆ. ಮೂಲೆಗೆ ತಳ್ಳುವ ಮುಂಚೆ ಒಮ್ಮೆ ತಿರುಗಿಸಿ ಮೇಲ್ಭಾಗ ನೋಡು. ಟ್ರಿಗರ್ ಕೂರುವ ಗೂಡು, ಬಾಣದ ಜಾಡು, ಮುಂದುಗಡೆ ಬಿಲ್ಲು ಕೂರುವ ಕಚ್ಚು, ಪಿನ್ನುಗಳ ತೂತು, ಎಲ್ಲ ಆಗಿದೆ. ಉಳಿದಿರುವುದು ಹೊರಗಿನ ಆಕಾರ ಮಾತ್ರ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ.

ನಾನು ಮಾಡಿದ ಮೊದಲ ಸ್ಟಾಕ್ ಗೋಡೆಯ ಮೇಲಿತ್ತಲ್ಲ, ಅದರ ಕತೆ ನಿನಗೆ ಸರಿಯಾಗಿ ಹೇಳಿಲ್ಲ. ಮೊದಲ ಭಾನುವಾರವೇ ಜಿಗ್‌ಸಾ ಹಿಡಿದು ಅಂಚು ಕೊಯ್ದು, ಸಂಜೆಯೊಳಗೆ ಹೆಗಲಿಗಿಟ್ಟು ನೋಡುವಷ್ಟು ಚಂದದ ರೂಪ ತಂದಿದ್ದೆ. ಎಷ್ಟು ಬೀಗಿದ್ದೆ ಅಂದರೆ ರಾತ್ರಿ ಎದ್ದು ಹೋಗಿ ಮತ್ತೊಮ್ಮೆ ನೋಡಿ ಬಂದಿದ್ದೆ. ಮರುದಿನ ಟ್ರಿಗರ್ ಪಿನ್ನಿಗೆ ತೂತು ಕೊರೆಯಲು ಹೋದರೆ, ಡ್ರಿಲ್ಲಿನ ಮೇಜಿನ ಮೇಲೆ ಕೂರಿಸಲು ಒಂದೇ ಒಂದು ಚಪ್ಪಟೆ ಮೈ ಉಳಿದಿಲ್ಲ! ಎಲ್ಲ ಕಡೆ ದುಂಡು. ಹೇಗೋ ಬಟ್ಟೆ ಸುತ್ತಿ ಕ್ಲ್ಯಾಂಪ್ ಬಿಗಿದು ಕೊರೆದೆ. ಈ ಕಡೆ ಸರಿಯಾದ ಜಾಗದಲ್ಲಿ ಹೊಕ್ಕ ತೂತು ಆ ಕಡೆ ಎರಡು ಮಿಲಿಮೀಟರ್ ಕೆಳಗೆ ಹೊರಟಿತು. ಟ್ರಿಗರ್ ಪೆಟ್ಟಿಗೆ ಸೊಟ್ಟಗೆ ಕೂತಿತು, ಅದರೊಂದಿಗೆ ಹೆದೆಯೂ ಸೊಟ್ಟ, ಬಾಣವೂ ಸೊಟ್ಟ. ನಿಮ್ಮಪ್ಪ ಇವತ್ತಿಗೂ ಅದೇ ನನ್ನ ಅತ್ಯುತ್ತಮ ಕೆಲಸ ಅನ್ನುತ್ತಾರೆ. ಅವರು ಅದರಿಂದ ಗುರಿಯಿಟ್ಟು ನೋಡಿಲ್ಲ.

ಅಂದಿನಿಂದ ನಾನು ಹಿಡಿದ ಕ್ರಮ ಒಂದೇ: ಮರವನ್ನು ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಚೌಕವಾಗಿಯೇ ಇಟ್ಟುಕೊಳ್ಳುವುದು. ಮೊದಲು ಒಂದು ಮೈಯನ್ನು ಕೀಸುಳಿ ಹಾಕಿ ಸಮ ಮಾಡು, ಮೂಲೆಮಟ್ಟ ಇಟ್ಟು ಪಕ್ಕದ ಮೈಯನ್ನು ಅದಕ್ಕೆ ನೇರ ಮಾಡು, ಆಮೇಲೆ ನಡುಗೆರೆ ಎಳೆ. ಮೇಲೆ, ಕೆಳಗೆ, ಎರಡು ತುದಿ, ನಾಲ್ಕೂ ಕಡೆ ಅದು ಸುತ್ತಿ ಬರಬೇಕು. ಅಳತೆಯೆಲ್ಲ ಆ ಗೆರೆಯಿಂದಲೇ; ಅಂಚಿನಿಂದ ಅಳೆದರೆ ಅಂಚು ಕೀಸಿದಾಗ ಅಳತೆಯೂ ಕೀಸಿಹೋಗುತ್ತದೆ. ತೂತನ್ನು ಎರಡೂ ಕಡೆಯಿಂದ ಅರ್ಧರ್ಧ ಕೊರೆದು ನಡುವೆ ಕೂಡಿಸಿದ್ದೇನೆ. ಕೊರೆಯುವ ಬಿಟ್ ಎಷ್ಟೇ ನೇರ ಅಂದರೂ ಮರದ ಎಳೆ ಹಿಡಿದು ಒಂದಿಷ್ಟು ಅಡ್ಡದಾರಿ ಹಿಡಿಯುತ್ತದೆ. ಎರಡು ಕಡೆಯಿಂದ ಹೋದರೆ ಆ ತಪ್ಪು ಹೊಟ್ಟೆಯೊಳಗೇ ಅಡಗುತ್ತದೆ.

ಎರಡನೆಯ ಸ್ಟಾಕ್ ಬೇರೆ ಥರ ಹೋಯಿತು. ತೂತು, ಗೂಡು ಎಲ್ಲ ಸರಿ ಇತ್ತು. ಒಂದು ದಿನ ಬೆಂಚಿನಿಂದ ಜಾರಿ ನೆಲಕ್ಕೆ ಬಿತ್ತು, ಅಷ್ಟೇ. ಮಣಿಕಟ್ಟಿನಲ್ಲಿ ಲಟಕ್ಕೆಂದು ಎರಡಾಯಿತು. ಮಣಿಕಟ್ಟು ಅಂದರೆ ಟ್ರಿಗರಿನ ಹಿಂದೆ ಕೈ ಸುತ್ತಿ ಹಿಡಿಯುವ ಸಣಕಲು ಭಾಗ. ಸ್ಟಾಕಿನಲ್ಲಿ ಅತಿ ತೆಳ್ಳಗಿನ ಜಾಗ ಅದೇ, ಬಾಗುವ ಜಾಗವೂ ಅದೇ. ನಾನು ನಕ್ಷೆಯನ್ನು ಹಲಗೆಯ ಉದ್ದಕ್ಕೆ ನೆಟ್ಟಗೆ ಇಟ್ಟು ಕೊಯ್ದಿದ್ದೆ. ಮಣಿಕಟ್ಟು ಕೆಳಕ್ಕೆ ಬಾಗುವಲ್ಲಿ ಎಳೆಗಳು ಅದನ್ನು ಅಡ್ಡಡ್ಡ ಹಾಯ್ದು ಹೊರಬಿದ್ದಿದ್ದವು. ಪೊರಕೆಯ ಕಟ್ಟನ್ನು ಮುರಿಯುವುದು ಕಷ್ಟ, ಕಡ್ಡಿಗೆ ಕಡ್ಡಿ ಬಿಡಿಸುವುದು ಸಲೀಸು. ಮರವೂ ಹಾಗೇ. ಎಳೆ ಅಲ್ಲಿ ಗಿಡ್ಡವಾದರೆ ಎಷ್ಟೇ ಒಳ್ಳೆಯ ಮರವಾದರೂ ಅಂಟಿಸಿಟ್ಟ ಬಿಲ್ಲೆಗಳ ಸಾಲು.

ಅದಕ್ಕೇ ಈ ಸಲ ನಕ್ಷೆಯನ್ನು ಪಾರದರ್ಶಕ ಹಾಳೆಯ ಮೇಲೆ ಮಾಡಿದೆ. ಯಾವ ಹಾಳೆ ಅಂತೀಯ? ನೀನು ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಾಗಿನ ಎಕ್ಸ್‌ರೇ. ಬ್ಲೀಚಿನಲ್ಲಿ ನೆನೆಸಿ ತೊಳೆದರೆ ಆ ಕಪ್ಪೆಲ್ಲ ಹೋಗಿ ಹಾಳೆ ತಿಳಿನೀಲಿಯಾಗುತ್ತದೆ. ನಿನ್ನ ಮಣಿಕಟ್ಟಿನ ಮೂಳೆಗಳು ಬಚ್ಚಲಲ್ಲಿ ಕರಗಿಹೋದವು, ಆ ಹಾಳೆಯಲ್ಲೇ ನಿನ್ನ ಸ್ಟಾಕಿನ ಮಣಿಕಟ್ಟು ಕತ್ತರಿಸಿದೆ. ಹಲಗೆಯ ಮೇಲೆ ಅದನ್ನಿಟ್ಟು ಸರಿಸುತ್ತಾ, ತಿರುಗಿಸುತ್ತಾ, ಕೆಳಗಿನ ಎಳೆಗಳು ಮಣಿಕಟ್ಟಿನ ಬಾಗಿನ ಜೊತೆಗೇ ಬಾಗಿ ಹೋಗುವ ಜಾಗ ಸಿಗುವವರೆಗೆ ಹುಡುಕಿದೆ. ಒಂದು ಗಂಟು ಅಡ್ಡ ಬರುತ್ತಿತ್ತು. ಅದನ್ನು ತಪ್ಪಿಸಲು ನಾಲ್ಕು ಸೆಂಟಿಮೀಟರ್ ಉದ್ದ ಬಿಟ್ಟುಕೊಟ್ಟೆ. ನಷ್ಟವೇನಿಲ್ಲ.

ಮರ ಅಕ್ರೋಟಿನದು, ಪೂರ್ತಿ ಕೆಚ್ಚು. ಸ್ಟಾಕಿಗೆ ಅಕ್ರೋಟನ್ನು ಸುಮ್ಮನೆ ಹೊಗಳುವುದಿಲ್ಲ: ಉಳಿಗೆ ಮಣಿಯುತ್ತದೆ, ಒಣಗಿದ ಮೇಲೆ ಸೊಟ್ಟಾಗುವುದು ಕಡಿಮೆ, ಭಾರಕ್ಕೆ ತಕ್ಕ ಗಟ್ಟಿತನವಿದೆ. ತೇಗವನ್ನೂ ನೋಡಿದ್ದೆ. ಅದರಲ್ಲಿ ಸಿಲಿಕಾ ಇರುವುದರಿಂದ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ, ಮೈಯಲ್ಲೇ ಎಣ್ಣೆ ಇರುವುದರಿಂದ ಅಂಟು ಹಿಡಿಯಲು ಸತಾಯಿಸುತ್ತದೆ. ಎರಡು ವರ್ಷ ಯಾಕೆ ಬೇಕಾಯಿತು ಅಂದರೆ, ಬಹುಪಾಲು ಸಮಯ ನಾನು ಏನೂ ಮಾಡಲಿಲ್ಲ. 'ಒಣಗಿದ ಮರ' ಅಂತಲೇ ಕೊಟ್ಟಿದ್ದರು. ಮನೆಗೆ ತಂದು ತೂಗಿದಾಗ 6 ಕಿಲೋ 340 ಗ್ರಾಂ. ತುದಿಗಳಿಂದ ನೀರು ಬೇಗ ಆರಿ ಸೀಳು ಬರುತ್ತದೆಂದು ಎರಡೂ ತುದಿಗೆ ಮೇಣ ಬಳಿದು, ಅಟ್ಟದ ಮೇಲೆ ಕಡ್ಡಿಗಳ ಮೇಲೆ ಮಲಗಿಸಿದೆ. ವಾರಕ್ಕೊಮ್ಮೆ ತೂಕ. ಗಾಳಿಯಲ್ಲಿ ಒಣಗಲು ಇಂಚು ದಪ್ಪಕ್ಕೆ ವರ್ಷ ಅನ್ನುವುದು ಬಡಗಿಗಳ ಹಳೆಯ ಲೆಕ್ಕ, ಆದರೆ ತಕ್ಕಡಿ ಹೇಳುವಷ್ಟು ನಿಜ ಯಾವ ಲೆಕ್ಕವೂ ಹೇಳುವುದಿಲ್ಲ. ಹದಿನಾಲ್ಕು ತಿಂಗಳಾದ ಮೇಲೆ 5 ಕಿಲೋ 600ಕ್ಕೆ ಬಂದು ನಿಂತಿತು, ಆಮೇಲೆ ಐದು ವಾರ ಅಲ್ಲಾಡಲಿಲ್ಲ. ಮುಕ್ಕಾಲು ಲೀಟರಿನಷ್ಟು ನೀರು ಕಣೇ, ಒಣಗಿದೆ ಅಂದ ಮರದೊಳಗೆ! ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲೂ ವರ್ಷದ ಉಂಗುರ ಹಿಡಿದು ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಸಿಯಲ್ಲೇ ಜಾಡು ತೆಗೆದಿದ್ದರೆ ಇಷ್ಟು ಹೊತ್ತಿಗೆ ಅದು ಹಾವು ಹರಿದ ದಾರಿಯಾಗಿರುತ್ತಿತ್ತು.

ಟ್ರಿಗರ್ ಗೂಡಿಗೆ ನಾಲ್ಕು ದಿನ ಹಿಡಿಯಿತು. ಪೆಟ್ಟಿಗೆಯ ಲೋಹಕ್ಕೆ ಕಾಡಿಗೆ ಸವರಿ ಗೂಡಿನೊಳಗೆ ಒತ್ತಿ ತೆಗೆದರೆ, ಎಲ್ಲಿ ಮರ ಉಬ್ಬಿದೆಯೋ ಅಲ್ಲಿ ಮಾತ್ರ ಕಪ್ಪು ಹತ್ತುತ್ತದೆ. ಆ ಕಪ್ಪನ್ನು ಉಳಿಯಿಂದ ಕೆರೆದು ಮತ್ತೆ ಒತ್ತು, ಮತ್ತೆ ಕೆರೆ. ಕೊನೆಗೆ ಗೂಡು ಪೂರ್ತಿ ಕಪ್ಪಾದ ದಿನ ಪೆಟ್ಟಿಗೆ ತನ್ನಷ್ಟಕ್ಕೆ ಇಳಿದು ಕೂತಿತು. ಬಿಲ್ಲನ್ನೂ ಟ್ರಿಗರನ್ನೂ ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಅಷ್ಟು ಒತ್ತಡ ಹೊರುವ ಲೋಹದ ಕೆಲಸ ಪರೀಕ್ಷೆ ಮಾಡಿ ಮಾರುವವರದೇ ಇರಲಿ.

ಬಾಣದ ಜಾಡಿನ ಮೇಲಿರುವ ತಿಳಿಬಣ್ಣದ ಪಟ್ಟಿ ಮೇಪಲ್. ಹೆದೆ ಪ್ರತಿ ಸಲ ಉಜ್ಜಿಕೊಂಡು ಓಡುವ ಜಾಗ ಅದು, ಅಕ್ರೋಟಿಗಿಂತ ಗಟ್ಟಿ ಮರ ಬೇಕಿತ್ತು. ಜಾಡಿನ ಆಳಕ್ಕೆ ಒಂದು ಸಣ್ಣ ಲೆಕ್ಕವಿದೆ. ಹೆದೆ ಬಾಣದ ಹಿಂತುದಿಯ ನಟ್ಟನಡುವೆ ಬಡಿಯಬೇಕು. ನಿನ್ನ ಬಾಣದ ದಪ್ಪ 22/64 ಇಂಚು, ಅಂದರೆ ಸುಮಾರು 8.7 ಮಿ.ಮೀ. ಹೆದೆಯ ದಪ್ಪ 4 ಮಿ.ಮೀ., ಅದರ ನಡು ಪಟ್ಟಿಯಿಂದ 2 ಮಿ.ಮೀ. ಮೇಲೆ. ಬಾಣದ ನಡುವೂ ಅಲ್ಲಿಗೇ ಬರಬೇಕಾದರೆ ಬಾಣ ಸುಮಾರು 2.4 ಮಿ.ಮೀ.ನಷ್ಟು ಜಾಡಿನೊಳಗೆ ಮುಳುಗಬೇಕು. ಅಷ್ಟೇ ಕೊರೆದಿದ್ದೇನೆ. ನಡುವಿನ ಸಣ್ಣ ಸೀಳು ಕೆಳಗಿನ ಗರಿಗೆ. ಬಿಲ್ಲು ಕಟ್ಟಿದ ಮೇಲೆ ಹೆದೆಯ ಕೆಳಗೆ ಒಂದು ಕಾಗದದ ಚೂರು ತೂರಿಸಿ ಎಳೆದು ನೋಡು. ತುಸು ಹಿಡಿದು ಹಿಡಿದು ಬರಬೇಕು. ಹರಿದುಹೋದರೆ ಹೆದೆ ಪಟ್ಟಿಯನ್ನು ತುಂಬಾ ಅದುಮುತ್ತಿದೆ, ಬೇಗ ಸವೆಯುತ್ತದೆ. ಸಲೀಸಾಗಿ ಜಾರಿ ಬಂದರೆ ಇನ್ನೂ ಕೆಟ್ಟದ್ದು: ಹೆದೆ ಬಾಣದ ಮೇಲೆ ಹತ್ತಿ ಹಾರಬಹುದು.

ಈಗ ನಿನ್ನ ಪಾಲಿನ ಕೆಲಸ. ನೀನು ಎಡಚಿ. ಸಿದ್ಧವಾಗಿ ಸಿಗುವ ಸ್ಟಾಕುಗಳಲ್ಲಿ ಕೆನ್ನೆಯುಬ್ಬು ಇದ್ದರೆ ಸಾಮಾನ್ಯವಾಗಿ ಎಡಮೈಯಲ್ಲಿರುತ್ತದೆ, ಬಲಗೈಯವರ ಬಲಗೆನ್ನೆಗೆ. ನಿನಗೆ ಅದು ಬಲಮೈಯಲ್ಲಿ ಬೇಕು. ಕ್ಲಬ್ಬಿನ ಬಿಲ್ಲು ಹಿಡಿದಾಗಲೆಲ್ಲ ನೀನು ಕೊಕ್ಕರೆಯ ಹಾಗೆ ಕತ್ತು ಚಾಚುತ್ತಿದ್ದುದು ಅದಕ್ಕೇ. ಮೊಣಕೈಯನ್ನು ಮೂಲೆಮಟ್ಟದ ಹಾಗೆ ಮಡಿಸಿ, ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಅಳೆದುಕೋ. ಟ್ರಿಗರಿನಿಂದ ಸ್ಟಾಕಿನ ಹಿಂತುದಿಗೆ ಸುಮಾರು ಅಷ್ಟು ಇರಬೇಕು. ಕಾರ್ಖಾನೆಯವು ಸಾಮಾನ್ಯವಾಗಿ 13ರಿಂದ 14 ಇಂಚು, ನಿನಗೆ ಉದ್ದವಾಯಿತು. ನಾನು ಮೂರು ಸೆಂಟಿಮೀಟರ್ ಹೆಚ್ಚೇ ಬಿಟ್ಟಿದ್ದೇನೆ. ಚಳಿಗಾಲದ ದಪ್ಪ ಕೋಟು ಹಾಕಿಕೊಂಡೂ ಒಮ್ಮೆ ನೋಡಿ ಆಮೇಲೆ ಕೊಯ್ಯಿ. ಕೆನ್ನೆಯ ಎತ್ತರಕ್ಕೆ ಅಳತೆಪಟ್ಟಿ ಬೇಡ. ಕಣ್ಣು ಮುಚ್ಚು, ಸ್ಟಾಕನ್ನು ಹೆಗಲಿಗೇರಿಸು, ಕೆನ್ನೆ ಆರಾಮಾಗಿ ಕೂತ ಮೇಲೆ ಕಣ್ಣು ಬಿಡು. ಗುರಿನೋಟಕ್ಕಿಂತ ಕಣ್ಣು ಮೇಲಿದ್ದರೆ ಒಂದಿಷ್ಟು ಕೀಸು. ಕೆಳಗಿದ್ದರೆ ಆಗಲೇ ಹೆಚ್ಚು ಕೀಸಿದ್ದೀಯ ಅಂತ ಅರ್ಥ, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ: ಹತ್ತು ಸಲ ಕಣ್ಣು ಮುಚ್ಚು, ಒಂದು ಸಲ ಕೀಸು. ಈ ಅಳತೆಗಳನ್ನು ಫೋನಿನಲ್ಲಿ ಕೇಳಿ ನಾನೇ ಮಾಡಬಹುದಿತ್ತು. ಮಾಡಿದ್ದರೆ ಅದು ಮೂರು ವರ್ಷದ ಹಿಂದೆ ಮನೆ ಬಿಟ್ಟು ಹೋದ ಹುಡುಗಿಯ ಸ್ಟಾಕ್ ಆಗುತ್ತಿತ್ತು.

ಈ ಹೆಗಲಿಗೆ ಕೂರುವ ಆಕಾರವೇ ತಡವಾಗಿ ಬಂದದ್ದು. ಹಳೆಯ ಗ್ರೀಕರದೊಂದು ಇತ್ತು, ಹೆಸರೇ 'ಹೊಟ್ಟೆಬಿಲ್ಲು'. ಬಾಗಿದ ಹಿಂತುದಿಗೆ ಹೊಟ್ಟೆ ಆನಿಸಿ, ಮೈಭಾರ ಹಾಕಿ ಹೆದೆಯೇರಿಸುತ್ತಿದ್ದರು. ಮಧ್ಯಯುಗದ ಯುರೋಪಿನವು ಬಹುಮಟ್ಟಿಗೆ ನೇರವಾದ ದಂಡ. 1974ರಲ್ಲಿ ಚೀನಾದ ಶಿಆನ್ ಬಳಿ ಸಿಕ್ಕ ಮಣ್ಣಿನ ಸೈನಿಕರ ಗುಂಡಿಗಳಲ್ಲಿ ಕ್ರಾಸ್‌ಬೋಗಳ ಕಂಚಿನ ಟ್ರಿಗರುಗಳು ಎರಡು ಸಾವಿರ ವರ್ಷ ದಾಟಿ ಉಳಿದಿದ್ದವು. ಮರ ಮಾತ್ರ ಕೊಳೆತು, ಮಣ್ಣಿನಲ್ಲಿ ಗುರುತಾಗಿ ಹೋಗಿತ್ತು. ಕಂಚಿನವನ ಕೆಲಸಕ್ಕೆ ಮ್ಯೂಸಿಯಂ, ಬಡಗಿಯ ಕೆಲಸಕ್ಕೆ ಗೆದ್ದಲು. ಇರಲಿ, ಹೊಟ್ಟೆಕಿಚ್ಚು.

ಆಕಾರಕ್ಕೆ ಮೊದಲು ಸ್ಪೋಕ್‌ಶೇವ್, ಅಂದರೆ ಎರಡು ಹಿಡಿಯ ಸಣ್ಣ ಕೀಸುಳಿ, ಆಮೇಲೆ ಒರಟು ಅರ, ನಯ ಅರ. ಸ್ಯಾಂಡ್‌ಪೇಪರ್ 120ರಿಂದ ಶುರು ಮಾಡಿ 180, 240, 320. ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡು. ಮಲಗಿದ್ದ ನಾರೆಲ್ಲ ಮೀಸೆಯ ಹಾಗೆ ಏಳುತ್ತದೆ, ಅದನ್ನು ಉಜ್ಜಿ ತೆಗೆ. ಮಾಸ್ಕ್ ಹಾಕದೆ ಉಜ್ಜಬೇಡ. ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ, ಮನೆಯ ಮರ ಅಂತ ರಿಯಾಯಿತಿಯಿಲ್ಲ.

ಒಂದು ಜಾಗ ಮಾತ್ರ ಮುಟ್ಟಬೇಡ. ಮುಂಗೈ ಹಿಡಿಯುವಲ್ಲಿ ಎರಡೂ ಪಕ್ಕಕ್ಕೆ ರೆಕ್ಕೆಯ ಹಾಗೆ ಚಾಚಿಕೊಂಡಿದೆಯಲ್ಲ, ಅದು ವಿಕಾರವಾಗಿ ಕಾಣುತ್ತದೆ, ಕೀಸಲು ನಿನ್ನ ಕೈ ಖಂಡಿತ ತುರಿಸುತ್ತದೆ. ಅದನ್ನು ಕೀಸಿದರೆ ಹೆಬ್ಬೆರಳು ಹೆದೆಯ ದಾರಿಗೆ ಬರುತ್ತದೆ. ಬಿಟ್ಟ ಹೆದೆಗೆ ಬೆರಳು, ಬಾಣ ಅನ್ನುವ ಭೇದವಿಲ್ಲ. ಬಾಣವಿಲ್ಲದೆ ಟ್ರಿಗರ್ ಒತ್ತುವುದೂ ಬೇಡ, 'ಸುಮ್ಮನೆ ನೋಡೋಣ' ಅಂತಲೂ ಬೇಡ: ಹೊರಗೆ ಹೋಗಬೇಕಾದ ಬಲ ಬಿಲ್ಲಿನೊಳಗೇ ತಿರುಗಿ ಅದನ್ನೇ ಸಿಡಿಸಬಹುದು. ನೀನಿರುವ ಕಡೆಯ ಕಾಯ್ದೆ ಏನನ್ನುತ್ತದೆ ಅನ್ನುವುದನ್ನು ಕ್ಲಬ್ಬಿನಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ಬಿಲ್ಲು ಕಟ್ಟು.

ಎಣ್ಣೆ ಅಗಸೆಯದು, ಹಸಿಯದಲ್ಲ, ಬೇಗ ಒಣಗುವಂತೆ ಮಾಡಿದ್ದು. ತೆಳ್ಳಗೆ ಸವರಿ, ಕಾಲು ಗಂಟೆ ಬಿಟ್ಟು, ಮೇಲೆ ನಿಂತದ್ದನ್ನೆಲ್ಲ ಒರೆಸಿ ತೆಗೆ, ಮರುದಿನ ಇನ್ನೊಂದು ಕೈ. ದಪ್ಪಗೆ ಬಳಿದರೆ ತಿಂಗಳಾದರೂ ಅಂಟಂಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದೀಯ, ಜೋಕೆ. ಈ ಎಣ್ಣೆ ಗಾಳಿ ಹೀರಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿಗೆ ಹೊರದಾರಿಯಿಲ್ಲದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಯಲಲ್ಲಿ ಒಂದೊಂದೇ ಹರವಿ ಒಣಗಿಸು, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡು.

ತಳದ ನಡುಗೆರೆಯನ್ನು ಪೆನ್ಸಿಲ್ಲಿನಲ್ಲಿ ಎಳೆದಿದ್ದೇನೆ. ಕೀಸುವಾಗ ಅಳಿಸುತ್ತಾ ಹೋಗುತ್ತದೆ, ಅಳಿಸಿದಾಗೆಲ್ಲ ಎರಡು ತುದಿಯ ಗುರುತಿನಿಂದ ಮತ್ತೆ ಎಳೆದುಕೋ. ಎಣ್ಣೆ ಹಚ್ಚುವ ದಿನದವರೆಗೆ ಅದು ಅಲ್ಲಿರಲಿ. ಎಕ್ಸ್‌ರೇ ಹಾಳೆಯನ್ನೂ ಜೊತೆಗೇ ಇಟ್ಟಿದ್ದೇನೆ, ಮಡಚಬೇಡ.

ಅಮ್ಮ