ತಾತನ ಸಾಲದ ಬುಕ್ಕಿನ ಸ್ಟೈಲಲ್ಲಿ ಒಂದಿಷ್ಟು ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಈ ದೀಪಾವಳಿಗೆ ನಮ್ ಬಟ್ಟೆ ಅಂಗಡಿಗೆ ಒಂದು ವರ್ಷ ಆಯ್ತು. ಶುರು ಮಾಡ್ದಾಗ ಆರು ತಿಂಗಳು ನಡೆದ್ರೆ ಸಾಕು ಸ್ವಾಮಿ ಅಂತ ಮಾದಪ್ಪಂಗೆ ಹರಕೆ ಕಟ್ಕೊಂಡಿದ್ದೆ, ಈಗ ಹನ್ನೆರಡು ತಿಂಗಳ ಬಾಡಿಗೆ ಕಟ್ಟಿದೀನಿ, ಎರಡು ಸಲ ಲೇಟಾಯ್ತು ಆದ್ರೆ ತಪ್ಪಿಲ್ಲ. ಮಂಡ್ಯದಲ್ಲಿ ಪೇಟೆ ಬೀದೀಲಿ ಅಷ್ಟು ದೊಡ್ಡ ದೊಡ್ಡ ಅಂಗಡಿಗಳಿರೋವಾಗ ಒಳಗಿನ ಅಡ್ಡರಸ್ತೆಲಿರೋ ಹತ್ತಡಿ ಹನ್ನೆರಡಡಿ ಗೂಡಿಗೆ ಹುಡುಕ್ಕೊಂಡು ಬಂದ್ರಲ್ಲ, ನಿಮಗೆಲ್ಲ ಒಂದು ಥ್ಯಾಂಕ್ಸ್ ಹೇಳ್ಬೇಕು ಅಂತ ಎರಡು ವಾರದಿಂದ ಬರೀತಾ ಅಳಿಸ್ತಾ ಇದೀನಿ. ಉದ್ದ ಆಗುತ್ತೆ, ಬೇಜಾರಾದ್ರೆ ಮಧ್ಯದಲ್ಲಿ ಬಿಟ್ಬಿಡಿ.

ಮೊದ್ಲು ತಾತನ ವಿಷಯ. ತಾತ ಬಟ್ಟೆ ವ್ಯಾಪಾರ ಮಾಡ್ತಿತ್ತು (ನಮ್ ಕಡೆ ತಾತ ಬಂತು, ಅಜ್ಜಿ ಹೋಯ್ತು ಅಂತಾನೇ ಅನ್ನೋದು, ಬೆಂಗಳೂರಿನವ್ರು ನಗ್ಬೇಡಿ, ಅದು ಪ್ರೀತಿ). ಅಂಗಡಿ ಗಿಂಗಡಿ ಏನಿರ್ಲಿಲ್ಲ. ಸೈಕಲ್ ಕ್ಯಾರಿಯರ್ ಮೇಲೆ ಒಂದು ದೊಡ್ಡ ಗಂಟು, ಬಾರ್‌ಗೆ ಕಟ್ಟಿರೋ ಕಬ್ಬಿಣದ ಗಜದ ಕಡ್ಡಿ, ಅಷ್ಟೇ. ಪಾಂಡವಪುರ, ಕೆ.ಆರ್. ಪೇಟೆ, ಮದ್ದೂರು ಕಡೆ ಸಂತೆಗಳು, ವೈರಮುಡಿ ಟೈಮಲ್ಲಿ ಮೇಲುಕೋಟೆ. ಗಂಟಲ್ಲಿ ಪಂಚೆ, ಟವಲ್ಲು, ರವಿಕೆ ಪೀಸು, ವಯಸ್ಸಾದ ಹೆಂಗಸ್ರಿಗೆ ಎಂಟು ಗಜದ ಸೀರೆ, ಮದ್ವೆ ಸೀಸನ್ ಆದ್ರೆ ಶ್ರೀರಂಗಪಟ್ಟಣದ ಕಡೆ ಕೊಡಿಯಾಲಕ್ಕೆ ಹೋಗಿ ನೇಕಾರರ ಹತ್ರ ತಂದ ಎರಡ್ಮೂರು ರೇಷ್ಮೆ ಸೀರೆ. ಜೊತೆಗೆ ಅಜ್ಜಿ ಕಾಲು ಮಿಷಿನ್ನಲ್ಲಿ ಹೊಲಿದ ಪಟಾಪಟಿ ಚಡ್ಡಿ. ಥಾನಿನ ಕೊನೇಲಿ ಉಳಿಯೋ ಅರ್ಧ ಗಜ ಮುಕ್ಕಾಲು ಗಜ ತುಂಡನ್ನ ತಾತ ಮನೆಗೆ ತರ್ತಿತ್ತು, ಅಜ್ಜಿ ಅದ್ರಲ್ಲಿ ಚಡ್ಡಿ ಇಲ್ಲ ಮಕ್ಕಳ ಲಂಗ ಹೊಲೀತಿತ್ತು, ಮುಂದಿನ ಸಂತೆಗೆ ಅದು ಮಾಲು. ತಾತಂಗಿಂತ ಅಜ್ಜಿ ಮಾಲಲ್ಲೇ ಲಾಭ ಜಾಸ್ತಿ ಇತ್ತು ಅಂತ ಅಜ್ಜಿ ಹೇಳ್ತದೆ, ತಾತ ಇದ್ದಿದ್ರೆ ಒಪ್ತಿರ್ಲಿಲ್ಲ.

ಮೀಟರ್ ಬಂದು ಎಷ್ಟೋ ವರ್ಷ ಆದ್ಮೇಲೂ ತಾತ ಗಜದಲ್ಲೇ ಅಳೀತಿದ್ದಿದ್ದು. ಮೂರಡಿ ಕಡ್ಡಿ, ಎರಡೂ ತುದಿ ಸವೆದು ಬೆಳ್ಳಗಾಗಿದೆ. ಅಳೆದು ಮುಗಿದ್ಮೇಲೆ ಬಟ್ಟೆ ಮೇಲೆ ನಾಲ್ಕು ಬೆರಳು ಇಟ್ಟು ಅದ್ರಾಚೆ ಕತ್ರಿ ಹಾಕ್ತಿತ್ತು. ನಾನು ಸಣ್ಣೋಳಿದ್ದಾಗ ಕೇಳಿದ್ದೆ, ಇದ್ಯಾಕ್ ತಾತ ಅಂತ. "ಮೊದ್ಲನೇ ಒಗೆತಕ್ಕೆ ಬಟ್ಟೆ ಕುಗ್ತದೆ ಕಣವ್ವ, ಅದು ಬಟ್ಟೆ ಗುಣ, ಅದ್ಕೆ ಅವ್ರ್ಯಾಕೆ ಕಾಸ್ ಕಳ್ಕೋಬೇಕು" ಅಂದಿತ್ತು.

ಇನ್ನು ಸಾಲದ ಬುಕ್ಕು. ಕೆಂಪು ರಟ್ಟಿನ ಉದ್ದನೇ ಪುಸ್ತಕ. ನಮ್ ಕಡೆ ಆಗೆಲ್ಲ ಯಾರೂ ಕೈ ಮೇಲೆ ದುಡ್ಡು ಕೊಡ್ತಿರ್ಲಿಲ್ಲ, ಕಬ್ಬಿನ ಬಿಲ್ ಬಂದ್ಮೇಲೆ, ಆಲೆಮನೆ ಮುಗಿದ್ಮೇಲೆ, ರೇಷ್ಮೆಗೂಡು ಮಾರಿದ್ಮೇಲೆ. ತಾತ ಓದಿದ್ದು ಮೂರನೇ ಕ್ಲಾಸು, ಎಷ್ಟೋ ಗಿರಾಕಿಗಳ ಹೆಸರೇ ಗೊತ್ತಿರ್ಲಿಲ್ಲ, ಕೇಳೋಕೂ ಸಂಕೋಚ. ಅದಕ್ಕೆ ಬುಕ್ಕಲ್ಲಿ ಹೆಸರೇ ಇಲ್ಲ. "ಹುಣಸೆಮರದ ಮನೆ ಅವ್ವ, ಸೀರೆ 1, ಬಾಕಿ 40". "ಎರಡು ಎಮ್ಮೆಯವ್ರು, ಪಂಚೆ ಜೊತೆ". "ನಗೋ ಗೌಡ್ರು". "ಮಗಳ ಮದ್ವೆ ಮುರಿದವ್ರು, ಕೇಳ್ಬಾರ್ದು". ಈ ಕೊನೇದನ್ನ ಓದಿ ನಾನೊಂದು ಸಲ ತುಂಬಾ ಹೊತ್ತು ಸುಮ್ನೆ ಕೂತ್ಬಿಟ್ಟಿದ್ದೆ. ಬಾಕಿ ಎಷ್ಟು ಅಂತ ಕೂಡ ಅಲ್ಲಿ ಬರೆದಿಲ್ಲ.

ಹಾಗಾಗಿ ಈ ಥ್ಯಾಂಕ್ಸ್ ಕೂಡ ತಾತನ ಸ್ಟೈಲಲ್ಲೇ. ಯಾರ ಹೆಸರೂ ಹಾಕಲ್ಲ, ನಿಮ್ಮನ್ನ ನೀವೇ ಗುರುತು ಹಿಡ್ಕೊಳ್ಳಿ.

ಕನ್ನಡಕ ತಲೆ ಮೇಲಿಟ್ಕೊಂಡು ಕನ್ನಡಕ ಹುಡುಕೋ ಬ್ಯಾಂಕ್ ಮೇಡಂ. 2024ರಲ್ಲಿ ನಾನು ಕೆಲಸ ಮಾಡ್ತಿದ್ದ ಗಾರ್ಮೆಂಟ್ಸಲ್ಲಿ ಲೈನು ನಿಲ್ಲಿಸಿದ್ರು, ಆರು ವರ್ಷ ಕ್ವಾಲಿಟಿ ಚೆಕಿಂಗ್ ಮಾಡಿದ್ದೋಳು ಮನೇಲಿ ಕೂತೆ. ಇನ್ನೊಂದು ಗಾರ್ಮೆಂಟ್ಸ್ ಸೇರ್ಕೋ ಅಂತ ಎಲ್ರೂ ಅಂದ್ರು, ನಂಗೆ ಮತ್ತೆ ಬೆಳಗ್ಗೆ ಆರೂವರೆಗೆ ವ್ಯಾನ್ ಹತ್ತೋಕೆ ಮನಸಿರ್ಲಿಲ್ಲ. ಮುದ್ರಾ ಲೋನ್ (ಸಣ್ಣ ವ್ಯಾಪಾರಕ್ಕೆ ಅಂತ ಕೇಂದ್ರ ಸರ್ಕಾರದ ಸಾಲದ ಸ್ಕೀಮು) ಕೇಳೋಕೆ ಹೋದ ಮೊದಲ ಬ್ಯಾಂಕಲ್ಲಿ ಜಾಮೀನಿಗೆ ಸೈಟ್ ಪತ್ರ ತಗೊಂಡ್ ಬನ್ನಿ ಅಂದ್ರು. ಮುದ್ರಾಗೆ ಜಾಮೀನು ಬೇಡ ಅನ್ನೋದು ಅವ್ರ ಗೋಡೆ ಮೇಲಿನ ಪೋಸ್ಟರಲ್ಲೇ ಇತ್ತು, ತೋರಿಸ್ದೆ, "ಅದೆಲ್ಲ ಹಾಗೇ ಮೇಡಂ, ನಾಳೆ ಬನ್ನಿ" ಅಂದ್ರು. ಮೂರು ಸಲ ನಾಳೆ ಹೋದೆ. ಈ ಮೇಡಂ ಇದ್ದಿದ್ದು ಬೇರೆ ಬ್ಯಾಂಕು. ಕೂರಿಸಿ, ಮುದ್ರಾದಲ್ಲಿ ಶಿಶು ಅನ್ನೋ ಲೋನ್ ಅಂದ್ರೆ 50,000 ವರೆಗೆ, ಅದ್ರಲ್ಲಿ ನಿಮ್ ರ‍್ಯಾಕೂ ಆಗಲ್ಲ, ಕಿಶೋರಲ್ಲಿ ಹಾಕೋಣ ಅದು 5 ಲಕ್ಷದವರೆಗೆ ಇದೆ, ಆದ್ರೆ ಜಾಸ್ತಿ ಕೇಳ್ಬೇಡಿ ಕಂತು ಕಟ್ಟೋಕೆ ಕಷ್ಟ ಆಗುತ್ತೆ ಅಂತ ನನ್ ಲೆಕ್ಕ ನಾನೇ ಹಾಕೋ ಹಾಗೆ ಮಾಡಿದ್ರು. ಒಂದೂವರೆ ಲಕ್ಷ ಸ್ಯಾಂಕ್ಷನ್ ಆಯ್ತು. ಮೇಡಂ, ಆಮೇಲೆ ನೀವು ಬಂದು ಮಗಳಿಗೆ ಚೂಡಿದಾರ್ ತಗೊಂಡಾಗ ಡಿಸ್ಕೌಂಟ್ ಕೂಡ ಬೇಡ ಅಂದ್ರಿ, ನೆನಪಿದೆ.

ಕೆಂಡದ ಇಸ್ತ್ರಿ ಅಣ್ಣ. ಇವ್ರಿಗೆ ಎಷ್ಟು ಬರೆದ್ರೂ ಸಾಲ್ದು. ಓಪನಿಂಗ್‌ಗೆ ಇನ್ನು ಐದು ದಿನ ಇತ್ತು, ರಾತ್ರಿ ಮಳೆ ಹುಯ್ದು ಹಿಂದಿನ ಶೀಟಿಂದ ನೀರು ಇಳಿದು ಕೆಳಗಡೆ ಜೋಡಿಸಿದ್ದ ಬಾಕ್ಸೆಲ್ಲ ನೆಂದ್ಹೋಗಿದೆ. ಬೆಳಗ್ಗೆ ಶಟರ್ ಎತ್ತಿದ್ರೆ ಹಸಿ ರಟ್ಟಿನ ವಾಸನೆ, ಕಾಟನ್ ಕುರ್ತಾ ಎಲ್ಲ ಮುದ್ದೆ ಆಗಿದೆ. ಬಾಗಿಲಲ್ಲೇ ಕೂತು ಅತ್ತೆ, ಸುಳ್ಳು ಹೇಳಲ್ಲ. ಎದುರುಗಡೆ ತಳ್ಳೋಗಾಡೀಲಿ ಇಸ್ತ್ರಿ ಮಾಡೋ ಅಣ್ಣ ಬಂದು ನೋಡಿ ಒಂದು ಮಾತೂ ಆಡ್ಲಿಲ್ಲ, ಹಗ್ಗ ತಂದು ಬೀದೀಲಿ ಈ ಕಂಬದಿಂದ ಆ ಕಂಬಕ್ಕೆ ಕಟ್ಟಿದ್ರು. ಮಧ್ಯಾಹ್ನದವರೆಗೂ ಅಡ್ಡರಸ್ತೆ ತುಂಬ ನನ್ ಕುರ್ತಾಗಳು ನೇತಾಡ್ತಿದ್ವು, ಬೈಕಲ್ಲಿ ಹೋಗೋರು ತಲೆ ಬಗ್ಗಿಸ್ಕೊಂಡು ಹೋದ್ರು, ಇಬ್ರು ನಿಂತು ರೇಟೂ ಕೇಳಿದ್ರು. ಅವತ್ತು ರಾತ್ರಿ ಅಣ್ಣ ಎರಡು ಸಲ ಕೆಂಡ ಹಾಕಿ ಎಪ್ಪತ್ತು ಚಿಲ್ಲರೆ ಪೀಸ್ ಇಸ್ತ್ರಿ ಮಾಡಿ ಮಡಚಿ ಕೊಟ್ರು. ದುಡ್ಡು ಕೊಡೋಕೆ ಹೋದ್ರೆ ಅರ್ಧಾನೇ ತಗೊಂಡ್ರು, ಇನ್ನರ್ಧ ವ್ಯಾಪಾರ ಆದ್ಮೇಲೆ ಕೊಡಿ ತಾಯಿ ಅಂತ. ಕೊಟ್ಟಿದೀನಿ ಅಣ್ಣ, ಆದ್ರೂ ಇದು ದುಡ್ಡಲ್ಲಿ ತೀರೋದಲ್ಲ ಅಂತ ನಂಗೂ ಗೊತ್ತು.

ಬಣ್ಣ ಬಿಟ್ಟ ನೈಟಿ ಆಂಟಿಯವ್ರು, ಒಟ್ಟು ಹನ್ನೊಂದು ಜನ. ನಿಮಗೆ ಥ್ಯಾಂಕ್ಸ್ ಜೊತೆ ಸಾರಿನೂ. ಸಂಕ್ರಾಂತಿಗೆ ಒಬ್ಬ ಹೋಲ್‌ಸೇಲ್‌ನವ್ರ ಹತ್ರ ನಲವತ್ತು ನೈಟಿ ತಂದೆ, ಮೆರೂನು, ನೇವಿ ಬ್ಲೂ, ಗಟ್ಟಿ ಕಲರ್ ಗ್ಯಾರಂಟಿ ಅಂದಿದ್ರು. ಮೊದಲನೇ ಒಗೆತಕ್ಕೇ ಬಕೆಟ್ ನೀರು ಬೀಟ್ರೂಟ್ ಆಗಿದೆ, ಒಬ್ರ ಗಂಡನ ಬಿಳಿ ಪಂಚೆ ಗುಲಾಬಿ ಆಗಿದೆ. ಇದ್ರಲ್ಲಿ ನಂಗೆ ನಾಚಿಕೆ ಯಾಕೆ ಅಂದ್ರೆ ಗಾರ್ಮೆಂಟ್ಸಲ್ಲಿ ಆರು ವರ್ಷ ನಾನು ನೋಡಿದ್ದೇ ಇದು. ಅಲ್ಲಿ ಇದಕ್ಕೆ ಒಂದು ಮಿಷಿನ್ನೇ ಇದೆ, ಕ್ರಾಕ್‌ಮೀಟರ್ ಅಂತ, ಒಂದು ಬೆರಳಿನ ಥರದ ಕಡ್ಡಿಗೆ ಬಿಳಿ ಕಾಟನ್ ತುಂಡು ಸಿಗಿಸಿ ಬಟ್ಟೆ ಮೇಲೆ ಹತ್ತು ಸಲ ಉಜ್ಜುತ್ತೆ, ಒಣಗಿದ್ದರಲ್ಲಿ ಒಂದು ಸಲ ಒದ್ದೆದ್ರಲ್ಲಿ ಒಂದು ಸಲ, ಆಮೇಲೆ ಬಿಳಿ ತುಂಡಿಗೆ ಎಷ್ಟು ಬಣ್ಣ ಹತ್ತಿದೆ ಅಂತ 1ರಿಂದ 5 ಮಾರ್ಕು. 5 ಅಂದ್ರೆ ಒಂಚೂರೂ ಹತ್ತಿಲ್ಲ ಅಂತ. ಪರದೇಶದವ್ರಿಗೆ ಹೋಗೋ ಮಾಲಿಗೆ ಇಷ್ಟೆಲ್ಲ ನೋಡ್ತಿದ್ದೋಳು ನನ್ ಅಂಗಡಿಗೆ ತರೋ ಮಾಲಿಗೆ ಏನೂ ನೋಡಿಲ್ಲ. ಅಜ್ಜಿ ಬಂತು, ಉಳಿದಿದ್ದ ನೈಟಿ ಒಂದನ್ನ ಎತ್ಕೊಳ್ತು, ಸೆರಗಿನ ತುದಿ ಬಾಯಲ್ಲಿ ಒದ್ದೆ ಮಾಡ್ಕೊಂಡು ನೈಟಿ ಒಳಮಡಿಕೆ ಮೇಲೆ ಜೋರಾಗಿ ನಾಲ್ಕು ಸಲ ಉಜ್ಜಿ ನನ್ ಮುಖದ ಮುಂದೆ ಹಿಡೀತು. ಮೆರೂನು. "ತಕ್ಕಂಬರಕ್ಕೆ ಮುಂಚೆ ಇಷ್ಟ್ ಮಾಡಕ್ಕೆ ಏನ್ ಆಗಿತ್ತು ನಿಂಗೆ" ಅಂತು ಅಷ್ಟೇ.

ಮಾರಿದ್ದು ಹನ್ನೊಂದೂ ವಾಪಸ್ ತಗೊಂಡು ದುಡ್ಡು ಕೊಟ್ಟೆ, ಪಂಚೆಗೂ ಕೊಟ್ಟೆ. ಹೋಲ್‌ಸೇಲ್‌ನವ್ರು ಫೋನ್ ಎತ್ತೋದು ಬಿಟ್ರು. ಆದ್ರೆ ಆ ಹನ್ನೊಂದು ಜನದಲ್ಲಿ ಒಂಬತ್ತು ಜನ ಯುಗಾದಿಗೆ ಮತ್ತೆ ಬಂದ್ರಿ ಕಣ್ರೀ, ಜೊತೆಗೆ ಅಕ್ಕಪಕ್ಕದವ್ರನ್ನೂ ಕರ್ಕೊಂಡು. ಈಗ ಗಲ್ಲಾ ಪಕ್ಕ ಒಂದು ಬಿಳಿ ಕರ್ಚೀಫು, ಒಂದು ಲೋಟ ನೀರು ಇಟ್ಟಿದೀನಿ, ಯಾರು ಬೇಕಾದ್ರೂ ಉಜ್ಜಿ ನೋಡಿ ತಗೋಬಹುದು.

ಮೈಸೂರ್ ಸಿಲ್ಕ್ ಕೇಳ್ಕೊಂಡು ಬಂದು ನನ್ ಭಾಷಣ ಕೇಳಿದೋರು. ನಿಮ್ ತಾಳ್ಮೆಗೆ ಥ್ಯಾಂಕ್ಸ್. ಕ್ರೇಪ್ ಸೀರೆಗೆ ಸಣ್ಣ ಜರಿ ಅಂಚಿದ್ರೆ ಸಾಕು ಎಲ್ಲ ಕಡೆ ಮೈಸೂರ್ ಸಿಲ್ಕೇ ಅಂತ ಮಾರ್ತಾರೆ. ನಿಜವಾದ್ದು ಮೈಸೂರಿನ ಮಾನಂದವಾಡಿ ರೋಡ್ ಫ್ಯಾಕ್ಟರಿದು, 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾಗಿದ್ದು, ಈಗ ಕೆಎಸ್‌ಐಸಿ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಹೆಸರಲ್ಲಿದೆ, ಪ್ರತಿ ಸೀರೆಗೂ ಅದರದ್ದೇ ನಂಬರ್ ಇರುತ್ತೆ. ಬೇಕಾದ್ರೆ ಅವ್ರ ಶೋರೂಮಿಗೇ ಹೋಗಿ, ನನ್ ಹತ್ರ ಇರೋದು ಬರೀ ಕ್ರೇಪು, ಇದು ಇದರ ರೇಟು ಅಂತ ಹೇಳ್ತೀನಿ. ಹೀಗೆ ಹೇಳಿ ಗಿರಾಕಿ ಕಳ್ಕೊಂಡಿದ್ದೂ ಇದೆ, ನಮ್ಮಮ್ಮ ಬೈದಿದ್ದೂ ಇದೆ. ತಾತ ಕೊಡಿಯಾಲದ ಸೀರೆನ ಕೊಡಿಯಾಲದ್ದು ಅಂತಾನೇ ಹೇಳಿ ಮಾರ್ತಿತ್ತು, ನೇಯ್ದೋರು ನಮ್ಮೂರ ಪಕ್ಕದವ್ರು ಅಂತ ಹೆಮ್ಮೆಯಿಂದ. ನಾನೂ ಈಗ ಎರಡು ತಿಂಗಳಿಂದ ಅಲ್ಲಿಂದ ನಾಲ್ಕೈದು ತರ್ತಾ ಇದೀನಿ, ಒಂದೇ ಸಲ ಜಾಸ್ತಿ ಹಾಕೋ ಶಕ್ತಿ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಕಮ್ಮಿ ಆಯ್ತಲ್ಲ, ನೀವ್ಯಾಕೆ ಕಮ್ಮಿ ಮಾಡ್ಲಿಲ್ಲ ಅಂತ ಜಗಳ ಆಡಿದ ಮೇಷ್ಟ್ರಿಗೂ ಥ್ಯಾಂಕ್ಸ್. ಸಾರ್, 12 ಪರ್ಸೆಂಟ್ ಇದ್ದಿದ್ದು ಸಾವಿರ ರೂಪಾಯಿ ಮೇಲಿನ ಬಟ್ಟೆಗೆ, ಈಗ 2,500 ವರೆಗೂ 5 ಆಗಿದೆ, ನಿಜ. ಆದ್ರೆ ನನ್ ಅಂಗಡೀಲಿ ಸಾವಿರ ದಾಟೋ ಬಟ್ಟೆ ಕೈಬೆರಳಲ್ಲಿ ಎಣಿಸ್ಬಹುದು, ನೀವು ತಗೊಂಡ ಶರ್ಟ್ 450.

ಇನ್ನೂ ಇದಾರೆ. ಅಡ್ವಾನ್ಸ್ ಮೂರು ಕಂತಲ್ಲಿ ತಗೊಂಡ ಬಿಲ್ಡಿಂಗ್ ಓನರ್ ಅಂಕಲ್. ಬೋರ್ಡಲ್ಲಿ ಅಜ್ಜಿ ಹೆಸರಿಗೆ ಒತ್ತು ಬಿಟ್ಟು ಬರೆದು ಮತ್ತೆ ಫ್ರೀಯಾಗಿ ಬರೆದುಕೊಟ್ಟ ಪೇಂಟರ್. ಸರ್ಕಾರಿ ಸ್ಕೂಲಿನ ಯೂನಿಫಾರ್ಮ್ ಬಟ್ಟೆ ಹೊಲಿಸೋಕೆ ನಮ್ಮಲ್ಲಿಗೇ ಮಕ್ಕಳನ್ನ ಕಳಿಸಿದ ಟೀಚರ್. ನಾನು ಊಟಕ್ಕೆ ಹೋದಾಗ ಅಂಗಡಿ ನೋಡ್ಕೊಳ್ಳೋ ಝೆರಾಕ್ಸ್ ಹುಡುಗ, ಒಂದು ಸಲ ನೀನೇ ಎರಡು ಲೆಗ್ಗಿನ್ಸ್ ಮಾರಿದ್ಯಲ್ಲ, ಮಗಾ, ಅದಕ್ಕೆ ಬಿರಿಯಾನಿ ಬಾಕಿ ಇದೆ.

ಕೊನೆಗೆ ಕಾಲು ಮಿಷಿನ್ ಅಜ್ಜಿ. ತಾತ 2019ರಲ್ಲಿ ಹೋಯ್ತು, ಅಂಗಡಿ ನೋಡ್ಲಿಲ್ಲ. ಅಜ್ಜಿ ನೋಡ್ತು. ಅಂಗಡಿ ಮಾಡ್ತೀನಿ ಅಂತ ನಾನು ಮನೇಲಿ ಹೇಳಿದ ದಿನ ಎಲ್ರೂ ಮಾತಾಡಿದ್ರು, ಅಜ್ಜಿ ಏನೂ ಮಾತಾಡ್ಲಿಲ್ಲ. ಮಾರನೇ ದಿನ ಪಾಸ್‌ಬುಕ್ ತಂದು ಕೈಗಿಡ್ತು. ಗೃಹಲಕ್ಷ್ಮಿ ದುಡ್ಡು, ತಿಂಗಳಿಗೆ 2,000 ಬರೋದು, ಹನ್ನೊಂದು ಕಂತನ್ನ ಮುಟ್ಟೇ ಇಲ್ಲ, 22,000. ಒಂದು ಕಿವಿಯೋಲೆ ಮಾಡಿಸ್ಕೋಬೇಕು ಅಂತಿತ್ತು ಅಂತ ಆಮೇಲೆ ಅತ್ತೆ ಹೇಳಿದ್ಮೇಲೆ ಗೊತ್ತಾಗಿದ್ದು. ಈಗ ವಾರಕ್ಕೆ ಮೂರು ದಿನ ಊರಿಂದ ಫ್ರೀ ಬಸ್ಸಲ್ಲಿ ಆಧಾರ್ ಕಾರ್ಡ್ ಹಿಡ್ಕೊಂಡು ಬರ್ತದೆ, ಬಾಗಿಲ ಹತ್ರ ಅದರ ಹಳೇ ಮಿಷಿನ್ ಹಾಕಿದೀನಿ, ಕಣ್ಣು ಮಂಜಾಗಿದೆ, ಸೂಜಿಗೆ ದಾರ ನಾನು ಪೋಣಿಸ್ಕೊಡ್ಬೇಕು, ಆಮೇಲೆ ಕೈ ಅದ್ರ ಪಾಡಿಗೆ ಅದು ಓಡುತ್ತೆ. ಪಟಾಪಟಿ ಚಡ್ಡಿ ಮತ್ತೆ ಶುರು ಮಾಡಿದೆ. ಅದನ್ನ ಈಗ ಕಾಲೇಜ್ ಹುಡುಗರು ತಗೋತಾರೆ, ಅಜ್ಜಿಗೆ ಅದೇ ಒಂದು ಆಶ್ಚರ್ಯ.

ಹೋದ ವಾರ ಒಂದು ವರ್ಷದ ಲೆಕ್ಕ ಹಾಕ್ದೆ. ತಾತನ ಬುಕ್ಕಲ್ಲಿ ಖಾಲಿ ಹಾಳೆ ಇನ್ನೂ ಇದ್ವು, ಅದ್ರಲ್ಲೇ ಅವತ್ತು ಬರೆದಿಟ್ಟಿದ್ದೆ, "ಕಾಲು ಮಿಷಿನ್ ಅಜ್ಜಿ, 22,000, ಬಾಕಿ". ಪೂರ್ತಿ ದುಡ್ಡು ಕವರಲ್ಲಿ ಹಾಕಿ ಕೊಟ್ಟೆ. ಅಜ್ಜಿ ಬೆರಳಿಗೆ ಎಂಜಲು ಹಚ್ಕೊಂಡು ನಿಧಾನಕ್ಕೆ ಎಣಿಸ್ತು, ನಾಲ್ಕು ಐನೂರರ ನೋಟು ತೆಗೆದು ಗಲ್ಲಾಕ್ಕೆ ವಾಪಸ್ ಹಾಕ್ತು. ಯಾಕಜ್ಜಿ ಅಂದೆ.

"ನಿಮ್ ತಾತ ಯಾರತ್ರನೂ ಪೂರ್ತಿ ವಸೂಲ್ ಮಾಡ್ತಿರ್ಲಿಲ್ಲ ಕಣೆ, ಎರಡ್ರುಪಾಯ್ ಆದ್ರೂ ಬುಡ್ತಿತ್ತು. ಬಾಕಿ ಇರ್ಲಿ, ಬರ್ಕೋ."

ಬರ್ಕೊಂಡಿದೀನಿ.