ಆಡಿಷನ್ ಆಯ್ತು, ಟೀವಿ ಇನ್ನೂ ದೂರ

ಕೊಲಂಬಸ್, ಒಹಾಯೋ

ಪ್ರೀತಿಯ ಅಮ್ಮ, ಅಪ್ಪ,

ನಾವೆಲ್ಲ ಚೆನ್ನಾಗಿದ್ದೇವೆ. ನಾನು ಅಮೆರಿಕದ ಟೀವಿಯಲ್ಲಿ ಬರುತ್ತೇನೆ ಅಂತ ಚಿಕ್ಕಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾರಂತೆ. ಬರುತ್ತಿಲ್ಲ. ಆಡಿಷನ್ ಆಗಿದೆ, ಅಷ್ಟೇ. ಫೋನಿನಲ್ಲಿ ಬಿಡಿಸಿ ಹೇಳೋಣ ಅಂದರೆ ಅಪ್ಪ ಎರಡನೇ ಮಾತಿಗೇ "ಎಷ್ಟು ಕೋಟಿ?" ಅನ್ನುತ್ತಾರೆ, ನೀನು "ಮೊದಲು ಊಟ ಆಯ್ತಾ ಹೇಳು" ಅನ್ನುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಜೊತೆಗೆ ನಿಮ್ಮಿಂದ, ಮುಖ್ಯವಾಗಿ ಅಪ್ಪನಿಂದ, ಒಂದು ಒಪ್ಪಿಗೆ ಬೇಕು. ಅದು ಕೊನೆಯಲ್ಲಿ.

ಕಾರ್ಯಕ್ರಮದ ಹೆಸರು ಜೆಪರ್ಡಿ, ಇಲ್ಲಿಯ ಒಂದು ಕ್ವಿಜ್. 1964ರಲ್ಲಿ ಶುರುವಾದದ್ದು. ಈಗಿನ ರೂಪದಲ್ಲಿ 1984ರಿಂದ ನಡೆಯುತ್ತಿದೆ. ಅಲೆಕ್ಸ್ ಟ್ರೆಬೆಕ್ ಅನ್ನುವವರು 2020ರ ನವೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಅದನ್ನು ನಡೆಸಿಕೊಟ್ಟರು. ಈಗ ನಡೆಸುವ ಕೆನ್ ಜೆನ್ನಿಂಗ್ಸ್ ಒಂದು ಕಾಲದಲ್ಲಿ ಅಲ್ಲೇ ಸ್ಪರ್ಧಿ. 2004ರಲ್ಲಿ ಸತತವಾಗಿ 74 ಆಟ ಗೆದ್ದು 25 ಲಕ್ಷ ಡಾಲರ್‌ಗೂ ಜಾಸ್ತಿ ದುಡ್ಡು ತೆಗೆದುಕೊಂಡು ಹೋದ ಮನುಷ್ಯ. ಕೊನೆಗೆ ಸೋತದ್ದು ಒಂದು ಟ್ಯಾಕ್ಸ್ ಕಂಪನಿಯ ಹೆಸರು ಹೊಳೆಯದೆ! ಅಪ್ಪ ಆ ಜಾಗದಲ್ಲಿ ನಿಂತಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದರು.

ಕೋಟ್ಯಧಿಪತಿಯ ಹಾಗೆ ಇಲ್ಲಿ ನಾಲ್ಕು ಆಯ್ಕೆ ಕೊಡುವುದಿಲ್ಲ. ಲೈಫ್‌ಲೈನ್ ಇಲ್ಲ, ಯೋಚನೆ ಮಾಡಲು ಸಮಯವೂ ಇಲ್ಲ. ಮೂರು ಜನ ನಿಂತಿರುತ್ತಾರೆ. ಎದುರಿಗೆ ದೊಡ್ಡ ಬೋರ್ಡು, ಆರು ವಿಷಯ, ಒಂದೊಂದರಲ್ಲಿ ಐದು ಸುಳಿವು. ಮೊದಲ ಸುತ್ತಿನಲ್ಲಿ 200ರಿಂದ 1,000 ಡಾಲರ್, ಎರಡನೆಯದರಲ್ಲಿ ಅದರ ಎರಡರಷ್ಟು. ಸರಿ ಹೇಳಿದರೆ ಅಷ್ಟು ದುಡ್ಡು ಸೇರುತ್ತದೆ, ತಪ್ಪಿದರೆ ಅಷ್ಟೇ ಕಳೆಯುತ್ತಾರೆ. ಇನ್ನೊಂದು ವಿಚಿತ್ರ ಅಂದರೆ, ಅವರು ಉತ್ತರ ಕೊಡುತ್ತಾರೆ, ನಾವು ಪ್ರಶ್ನೆ ಹೇಳಬೇಕು.

ಈ ವಿಚಿತ್ರಕ್ಕೆ ಒಂದು ಕಥೆ ಇದೆ, ಅಪ್ಪನಿಗೆ ಇಷ್ಟವಾಗುತ್ತದೆ. 1950ರ ದಶಕದಲ್ಲಿ ಇಲ್ಲಿ ಕ್ವಿಜ್ ಕಾರ್ಯಕ್ರಮಗಳ ಹುಚ್ಚು. ಟ್ವೆಂಟಿ ವನ್ ಅನ್ನುವ ಒಂದರಲ್ಲಿ ಯಾರು ಗೆಲ್ಲಬೇಕು, ಯಾರು ಸೋಲಬೇಕು ಅಂತ ನಿರ್ಮಾಪಕರೇ ಮೊದಲೇ ತೀರ್ಮಾನ ಮಾಡುತ್ತಿದ್ದರು. ಹರ್ಬರ್ಟ್ ಸ್ಟೆಂಪೆಲ್ ಅನ್ನುವವನಿಗೆ ಉತ್ತರ ಚೆನ್ನಾಗಿಯೇ ಗೊತ್ತಿತ್ತು. ಆದರೂ ಬೇಕಂತಲೇ ತಪ್ಪು ಹೇಳಿಸಿದರು. ಅವನನ್ನು ಸೋಲಿಸಿ ಮನೆಮಾತಾದವನು ಚಾರ್ಲ್ಸ್ ವ್ಯಾನ್ ಡೋರೆನ್, ಕೊಲಂಬಿಯಾ ವಿಶ್ವವಿದ್ಯಾಲಯದ ಮೇಷ್ಟ್ರು. ನೋಡಲು ಲಕ್ಷಣವಾಗಿದ್ದ, ಮಾತು ಚೆನ್ನಾಗಿತ್ತು. 1959ರಲ್ಲಿ ಅವನೇ ಸಂಸತ್ತಿನ ಸಮಿತಿಯ ಮುಂದೆ ಎಲ್ಲ ಒಪ್ಪಿಕೊಂಡ. ಮರುವರ್ಷ, ಟೀವಿ ಕ್ವಿಜ್‌ನಲ್ಲಿ ಮೋಸ ಮಾಡುವುದೇ ಅಪರಾಧ ಅಂತ ಕಾನೂನು ಬಂತು. ಜನಕ್ಕೆ ಕ್ವಿಜ್ ಅಂದರೆ ನಂಬಿಕೆ ಹೋಗಿತ್ತು. ಆಗ ಮರ್ವ್ ಗ್ರಿಫಿನ್ ಅನ್ನುವ ನಿರ್ಮಾಪಕನಿಗೆ ಹೆಂಡತಿ ಜೂಲಾನ್ ವಿಮಾನದಲ್ಲಿ ಹೋಗುವಾಗ ಹೇಳಿದಳಂತೆ, ಸ್ಪರ್ಧಿಗಳಿಗೆ ಉತ್ತರವನ್ನೇ ಕೊಟ್ಟುಬಿಡಿ, ಪ್ರಶ್ನೆ ಅವರು ಹುಡುಕಲಿ ಅಂತ. ಉದಾಹರಣೆಗೆ "5,280" ಅಂದಳು. "ಒಂದು ಮೈಲಿಗೆ ಎಷ್ಟು ಅಡಿ?" ಅಂದ ಅವನು. ಹುಟ್ಟಿದ್ದು ಹೀಗೆ. ಕದ್ದು ಉತ್ತರ ಕೊಡುತ್ತಾರೆ ಅನ್ನುವ ಅಪವಾದ ಬಂದಾಗ ಎಲ್ಲರೆದುರೇ ಉತ್ತರ ಕೊಟ್ಟುಬಿಡುವುದು! ಆ ಹೆಂಗಸಿನ ತಲೆ ನೋಡಿ. ಹೆಸರು ಮಾತ್ರ ಗಂಡನದೇ ಜಾಸ್ತಿ ಕೇಳಿಬರುತ್ತದೆ.

ಇನ್ನು ನನ್ನ ವಿಷಯ. ಮೊದಲು ಆನ್‌ಲೈನ್ ಪರೀಕ್ಷೆ. 50 ಪ್ರಶ್ನೆ, ಒಂದೊಂದಕ್ಕೆ 15 ಸೆಕೆಂಡ್. ಉತ್ತರ ಟೈಪ್ ಮಾಡಬೇಕು. ಸ್ಪೆಲ್ಲಿಂಗ್ ಹೆಚ್ಚುಕಮ್ಮಿ ಆದರೆ ನಡೆಯುತ್ತದೆ. ವರ್ಷಕ್ಕೆ ಒಂದೇ ಸಲ ಬರೆಯಬಹುದು. ಅಂಕ ಎಷ್ಟು ಬಂತು ಅಂತ ಹೇಳುವುದಿಲ್ಲ, ಪಾಸಾಗಲು ಎಷ್ಟು ಬೇಕು ಅಂತಲೂ ಹೇಳುವುದಿಲ್ಲ. ಪಾಸಾದವರನ್ನೂ ಎಲ್ಲರನ್ನೂ ಕರೆಯುವುದಿಲ್ಲ, ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸುತ್ತಾರೆ. ಆಮೇಲೆ ಜೂಮ್‌ನಲ್ಲಿ ಇನ್ನೊಂದು 50 ಪ್ರಶ್ನೆ, ಈ ಸಲ ಅವರು ನೋಡುತ್ತಿರುವಾಗಲೇ. ಅದೂ ದಾಟಿದರೆ ಆಡಿಷನ್.

ಓದಿದ್ದು ಏನು ಅಂತ ಕೇಳಿದ್ದೆ ಅಲ್ವಾ ಅಮ್ಮ? ವಿಜ್ಞಾನ, ಭೂಗೋಳಕ್ಕೆ ನನಗೆ ಹೆದರಿಕೆ ಇಲ್ಲ. ಇವರ ಉಪಾಧ್ಯಕ್ಷರು, ಬ್ರಾಡ್‌ವೇ ನಾಟಕಗಳು, ಬೈಬಲ್, ಕಾಲೇಜು ಫುಟ್‌ಬಾಲ್, ಇಲ್ಲೆಲ್ಲ ನಾನು ಸೊನ್ನೆ. ಇಲ್ಲಿ ಹುಟ್ಟಿದವರಿಗೆ ಅದು ತಾನಾಗಿ ಗೊತ್ತಿರುತ್ತದೆ, ನಾನು ಉರು ಹೊಡೆಯಬೇಕು. ಜೇಮ್ಸ್ ಹೋಲ್ಜ್‌ಹೌವರ್ ಅಂತ ಲಾಸ್ ವೇಗಸ್‌ನ ಒಬ್ಬ ಜೂಜುಗಾರ 2019ರಲ್ಲಿ ಸತತ 32 ಆಟ ಗೆದ್ದ. ಒಂದೇ ಆಟದಲ್ಲಿ 1,31,127 ಡಾಲರ್ ಬಾಚಿದ. ಅವನು ತಯಾರಿಗೆ ಓದಿದ್ದು ಮಕ್ಕಳ ಪುಸ್ತಕ. ಚಿತ್ರ ಇರುತ್ತದೆ, ಬೇಕಾದಷ್ಟೇ ಇರುತ್ತದೆ, ಬೇಸರ ಬರುವುದಿಲ್ಲ. ನಾನೂ ಲೈಬ್ರರಿಯ ಮಕ್ಕಳ ವಿಭಾಗಕ್ಕೆ ಹೋಗಿ ಅಮೆರಿಕದ ಅಧ್ಯಕ್ಷರ ಬಗ್ಗೆ ಒಂದು ಕಟ್ಟು ಪುಸ್ತಕ ತಂದೆ. ಕೌಂಟರಿನಾಕೆ "ಮಗುಗೆ ಎಷ್ಟು ವಯಸ್ಸು?" ಅಂದಳು. "ನಲವತ್ತೊಂದು" ಅಂದೆ.

ಬಜರ್ ಒತ್ತುವುದೇ ಒಂದು ವಿದ್ಯೆ, ಮೊದಲು ಒತ್ತಿದವರಿಗೇ ಉತ್ತರ ಹೇಳುವ ಅವಕಾಶ. ಅಪ್ಪ, ಇದು ನಿಮಗೆ. ನೀವು ಥಟ್ ಅಂತ ಹೇಳಿ ನೋಡುವಾಗ ಸೋಮೇಶ್ವರ ಅವರು ಪ್ರಶ್ನೆ ಮುಗಿಸುವ ಮೊದಲೇ ಸೋಫಾದಿಂದ ಉತ್ತರ ಎಸೆಯುತ್ತೀರಿ. ಇಲ್ಲಿ ಹಾಗೆ ಮಾಡಿದರೆ ಶಿಕ್ಷೆ. ಓದುವುದು ಮುಗಿಯುವವರೆಗೆ ಬಜರ್‌ಗೆ ಬೀಗ. ಮುಗಿದ ತಕ್ಷಣ ಒಬ್ಬರು ಕೈಯಾರೆ ಅದನ್ನು ತೆರೆಯುತ್ತಾರೆ, ಬೋರ್ಡಿನ ಪಕ್ಕ ದೀಪ ಹತ್ತುತ್ತದೆ. ಅದಕ್ಕೂ ಮುಂಚೆ ಒತ್ತಿದವರ ಬಜರ್ ಕಾಲು ಸೆಕೆಂಡ್ ಸತ್ತುಹೋಗುತ್ತದೆ. ಕಾಲು ಸೆಕೆಂಡಿನಲ್ಲಿ ಪಕ್ಕದವರು ಒತ್ತಿ ಮುಗಿಸಿರುತ್ತಾರೆ. ಮೂವರಿಗೂ ಉತ್ತರ ಗೊತ್ತಿರುವಾಗ ಗೆಲ್ಲುವುದು ಹೆಬ್ಬೆರಳು. ಅದಕ್ಕೆ ಇಲ್ಲಿಯವರು ಟಾಯ್ಲೆಟ್ ಪೇಪರ್ ಸಿಕ್ಕಿಸುವ ಸ್ಪ್ರಿಂಗ್ ಕೋಲು ಹಿಡಿದು ಅಭ್ಯಾಸ ಮಾಡುತ್ತಾರೆ. ನಾನೂ ಮಾಡುತ್ತಿದ್ದೇನೆ. ಇದನ್ನು ದಯವಿಟ್ಟು ಯಾರಿಗೂ ಹೇಳಬೇಡಿ.

ಆಡಿಷನ್ನಿಗೆ ಬಜರ್ ಇರಲಿಲ್ಲ, ಪೆನ್ನು ಇತ್ತು. ಟಿಕ್ ಟಿಕ್ ಅನ್ನುವ ಬಾಲ್‌ಪೆನ್. ಪರದೆ ತುಂಬ ಚೌಕಗಳು, ಒಂದೊಂದರಲ್ಲಿ ಒಬ್ಬೊಬ್ಬರು, ಎಲ್ಲರೂ ಮುಖದ ಪಕ್ಕ ಪೆನ್ನು ಎತ್ತಿ ಹಿಡಿದುಕೊಂಡಿದ್ದೇವೆ, ದೇವರ ಆಣೆ ಮಾಡುವವರ ಹಾಗೆ. ಮೂರು ಮೂರು ಜನರನ್ನು ಕರೆದು ಆಟ ಆಡಿಸಿದರು. ಆ ಟಿಕ್ ಶಬ್ದ ಜೂಮ್‌ನಲ್ಲಿ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಯಾರು ಮೊದಲು ಒತ್ತಿದರು ಅನ್ನುವುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಎಲ್ಲರಿಗೂ ಸರದಿ ಬರುವ ಹಾಗೆ ಕರೆಯುತ್ತಿದ್ದರು. ನಡೆಸುತ್ತಿದ್ದ ಹೆಂಗಸು ಹೇಳುತ್ತಿದ್ದದ್ದು ಎರಡೇ ಮಾತು. ದನಿ ಎತ್ತಿ. ಉತ್ತರ ಆದ ಮೇಲೆ ಸುಮ್ನೆ ನಿಲ್ಲಬೇಡಿ, ಮುಂದಿನ ಸುಳಿವು ಬೇಗ ಕೇಳಿ.

ನನ್ನ ಗುಂಪಿನಲ್ಲಿ ಒಬ್ಬ ಹಿರಿಯರು. ಕೇಳಿದ್ದಕ್ಕೆಲ್ಲ ಉತ್ತರ ಇತ್ತು. ಆದರೆ ಹೇಳುವುದು ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ, ಪಿಸುಪಿಸು. ಇನ್ನೊಬ್ಬಳು ಚಿಕ್ಕ ಹುಡುಗಿ, ಸ್ಕೂಲ್ ಟೀಚರ್. ಒಂದಾದ ಮೇಲೊಂದು ತಪ್ಪು ಹೇಳಿದಳು. ಪ್ರತಿ ಸಲವೂ ನಕ್ಕು, "ಸರಿ, ಅದೇ ವಿಷಯದಲ್ಲಿ 800 ಡಾಲರಿಂದು ಕೊಡಿ" ಅಂತ ಮುಂದಕ್ಕೆ ಹೋದಳು. ಅವಳು ಬಾಯಿ ತೆರೆದರೆ ಎಲ್ಲರೂ ಪರದೆಯ ಹತ್ತಿರ ಬಗ್ಗುತ್ತಿದ್ದೆವು. ಕರೆ ಬಂದರೆ ಅವಳಿಗೇ ಮೊದಲು ಬರುತ್ತದೆ ಅಂತ ನನಗೆ ಅನುಮಾನವೇ ಇಲ್ಲ. ಇದರಲ್ಲಿ ಅನ್ಯಾಯವೂ ಇಲ್ಲ, ಅಪ್ಪ. ತಲೆಯಲ್ಲಿ ಏನಿದೆ ಅಂತ ಎರಡು ಪರೀಕ್ಷೆಯಲ್ಲಿ ನೋಡಿ ಆಗಿದೆ. ಈಗ ನೋಡುತ್ತಿರುವುದು, ಈ ಮುಖವನ್ನು ಜನ ಅರ್ಧ ಗಂಟೆ ನೋಡುತ್ತಾರಾ ಅಂತ.

ಮುಗಿದಾಗ "ಆಯ್ಕೆಯಾದರೆ ತಿಳಿಸುತ್ತೇವೆ" ಅಂದರು. ಕರೆ ನಾಳೆಯೂ ಬರಬಹುದು, ವರ್ಷ ಕಳೆದ ಮೇಲೂ ಬರಬಹುದು, ಬರದೆಯೂ ಇರಬಹುದು. ಒಂದು ಸೀಸನ್ನಿಗೆ 230 ಕಂತು, ಹೊಸ ಸ್ಪರ್ಧಿಗಳಾಗಿ ಬರುವವರು ನಾನೂರರ ಆಸುಪಾಸು. ಪರೀಕ್ಷೆ ಬರೆಯುವವರು ಸಾವಿರಗಟ್ಟಲೆ.

ಬಂತು ಅಂತಲೇ ಇಟ್ಟುಕೊಳ್ಳಿ. ಶೂಟಿಂಗ್ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ, ಸೋನಿ ಸ್ಟುಡಿಯೋದಲ್ಲಿ. ವಿಮಾನದ ಟಿಕೆಟ್, ಹೋಟೆಲ್ ಎಲ್ಲ ನಮ್ಮದೇ ಖರ್ಚು. ಗೆದ್ದವರಿಗೆ ಗಳಿಸಿದ್ದಷ್ಟೂ ಸಿಗುತ್ತದೆ. ಎರಡನೆಯವರಿಗೆ 3,000 ಡಾಲರ್, ಮೂರನೆಯವರಿಗೆ 2,000. ಅದರಲ್ಲೂ ಟ್ಯಾಕ್ಸ್ ಇದೆ. ದುಡ್ಡು ಕೈಗೆ ಬರುವುದು ಪ್ರಸಾರವಾಗಿ ತಿಂಗಳುಗಳಾದ ಮೇಲೆ. ಹಾಗಾಗಿ ಅಪ್ಪ, ಕೋಟಿಯ ಲೆಕ್ಕ ಸದ್ಯಕ್ಕೆ ಬಿಡಿ.

ಅಮ್ಮ, ನೀನು ಸೀರೆ ಉಟ್ಟುಕೊಂಡು ಹೋಗು ಅಂದೆ. ಒಂದೇ ದಿನದಲ್ಲಿ ಐದು ಕಂತು ಶೂಟ್ ಮಾಡುತ್ತಾರೆ. ಗೆದ್ದವರು ಒಳಗೆ ಓಡಿ ಬಟ್ಟೆ ಬದಲಾಯಿಸಿ, ಮರುದಿನ ಬಂದವರ ಹಾಗೆ ಬಂದು ನಿಲ್ಲಬೇಕು. ಅದಕ್ಕೇ ಮೂರು ಜೊತೆ ಬಟ್ಟೆ ತರಲು ಹೇಳುತ್ತಾರೆ. ಅಷ್ಟು ಹೊತ್ತಿನಲ್ಲಿ ನೆರಿಗೆ ಹಿಡಿಯಲು ನನ್ನ ಕೈಲಿ ಆಗುವುದಿಲ್ಲ. ನನ್ನ ಎತ್ತರದ ಬಗ್ಗೆ ಮಾತ್ರ ಚಿಂತೆ ಬೇಡ. ಸ್ಪರ್ಧಿಗಳು ನಿಲ್ಲುವ ಜಾಗದಲ್ಲಿ ಮೇಲೆ ಕೆಳಗೆ ಆಗುವ ಹಲಗೆ ಇದೆಯಂತೆ, ಮೂವರೂ ಹೆಚ್ಚುಕಮ್ಮಿ ಒಂದೇ ಎತ್ತರ ಕಾಣುವ ಹಾಗೆ. ಶಾಲೆಯ ಗ್ರೂಪ್ ಫೋಟೋಗಳಲ್ಲಿ ಯಾರಾದರೂ ಹಾಗೊಂದು ಹಲಗೆ ಇಟ್ಟಿದ್ದರೆ ನನ್ನ ಬಾಲ್ಯವೇ ಬೇರೆ ಇರುತ್ತಿತ್ತು.

ಈಗ ಒಪ್ಪಿಗೆಯ ವಿಷಯ. ಮೊದಲ ಬ್ರೇಕ್ ಆದ ಮೇಲೆ ಪ್ರತಿ ಸ್ಪರ್ಧಿಯ ಜೊತೆ ಒಂದಿಷ್ಟು ಮಾತಾಡುತ್ತಾರೆ. ನಮ್ಮ ಬದುಕಿನ ಒಂದು ಸ್ವಾರಸ್ಯ ಹೇಳಬೇಕು, ಅರ್ಧ ನಿಮಿಷದಲ್ಲಿ. ಅದಕ್ಕೆ ಮೊದಲೇ ಕಥೆಗಳನ್ನು ಬರೆದು ಕೊಡಬೇಕು. ನನಗೆ ಐವತ್ತು ಪ್ರಶ್ನೆಗಿಂತ ಕಷ್ಟವಾದದ್ದು ಇದು. ನಾನು ಯಾವ ಪರ್ವತವನ್ನೂ ಹತ್ತಿಲ್ಲ. ಸಿನಿಮಾ ನಟರ ಜೊತೆ ಲಿಫ್ಟಿನಲ್ಲಿ ಸಿಕ್ಕಿಕೊಂಡಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದರೂ ಬಂದದ್ದು ಬಸ್ಸಿನ ಕಿಟಕಿ ಸೀಟಿನ ಕಥೆ.

ನೆನಪಿದೆಯಲ್ಲ ಅಪ್ಪ? ಕಿಟಕಿ ಪಕ್ಕ ಯಾರು ಕೂರಬೇಕು ಅಂತ ನಾನೂ ತಮ್ಮನೂ ಕಿತ್ತಾಡಿದರೆ ನೀವು ರಾಜಧಾನಿ ಕೇಳುತ್ತಿದ್ದಿರಿ, ಹೇಳಿದವರಿಗೆ ಸೀಟು. ಒಂದು ಸಲ ಅಪ್ಪರ್ ವೋಲ್ಟಾದ ರಾಜಧಾನಿ ಕೇಳಿದಿರಿ. ತಮ್ಮ, "ಆ ಹೆಸರಿನ ದೇಶವೇ ಈಗ ಇಲ್ಲ, 1984ರಲ್ಲೇ ಬುರ್ಕಿನಾ ಫಾಸೊ ಆಯ್ತು" ಅಂದ. ನೀವು "ನಮ್ಮ ಅಟ್ಲಾಸ್‌ನಲ್ಲಿ ಇದೆ, ಆದ್ದರಿಂದ ಇದೆ" ಅಂತ ತೀರ್ಪು ಕೊಟ್ಟಿರಿ. ಅವನು ವಾದ ಮಾಡುತ್ತಿರುವಾಗ ನಾನು "ವಾಗಡೂಗು" ಅಂದು ಕಿಟಕಿ ಪಕ್ಕ ಕೂತುಬಿಟ್ಟೆ. ಅವನು ದಾರಿಯುದ್ದಕ್ಕೂ ನಿಂತೇ ಬಂದ, ಸೀಟು ಖಾಲಿ ಇದ್ದರೂ.

ಆಡಿಷನ್‌ನಲ್ಲಿ ಇದನ್ನು ಹೇಳಿದಾಗ ಆ ಹೆಂಗಸು ಜೋರಾಗಿ ನಕ್ಕು ಏನೋ ಬರೆದುಕೊಂಡಳು. ಟೀವಿಯಲ್ಲಿ ಕೇಳಿದರೆ ಇದನ್ನೇ ಕೇಳುತ್ತಾರೆ ಅಂತ ನನ್ನ ಅಂದಾಜು. ಆದರೆ ನೀವು ಅದರಲ್ಲಿ ಸ್ವಲ್ಪ ಸರ್ವಾಧಿಕಾರಿಯ ಹಾಗೆ ಕಾಣುತ್ತೀರಿ. ಅದಕ್ಕೇ ಕೇಳುತ್ತಿರುವುದು. ತಮ್ಮನದು ತಕರಾರಿಲ್ಲ. ಜೆಪರ್ಡಿಯಲ್ಲಿ ತೀರ್ಪುಗಾರರು ಇರುತ್ತಾರೆ, ತಪ್ಪು ಅಂದದ್ದು ಸರಿ ಅಂತ ಆಮೇಲೆ ಗೊತ್ತಾದರೆ ಆಟದ ಮಧ್ಯದಲ್ಲೇ ದುಡ್ಡು ವಾಪಸ್ ಸೇರಿಸುತ್ತಾರೆ ಅಂತ ಅವನಿಗೆ ಹೇಳಿದೆ. "ಅಪ್ಪನಿಗೆ ಓದಿ ಹೇಳು" ಅಂದ.

ಇನ್ನೊಂದು ಮಾತು. ಕರೆ ಬಂದು, ಆಡಿ, ವಾಪಸ್ ಬಂದರೂ ಪ್ರಸಾರ ಆಗುವವರೆಗೆ ಫಲಿತಾಂಶ ಹೇಳುವ ಹಾಗಿಲ್ಲ. ಅದು ತಿಂಗಳುಗಳೂ ಆಗಬಹುದು. ಸಹಿ ಮಾಡಿಸಿಕೊಳ್ಳುತ್ತಾರೆ. ಅಮ್ಮ, ನನ್ನ ದನಿ ಕೇಳಿ ಊಹೆ ಮಾಡಲು ಹೋಗಬೇಡ.

ಒಪ್ಪಿಗೆ ಇದ್ದರೆ ಒಂದು ಸಾಲು ಬರೆದು ಕಳಿಸಿ ಅಪ್ಪ. ಹಾಗೇ ಆ ಅಟ್ಲಾಸ್‌ನ ಮೊದಲ ಪುಟ ತೆಗೆದು, ಯಾವ ವರ್ಷದ್ದು ಅಂತ ನೋಡಿ ಹೇಳಿ. ಅವರು ಕೇಳಿದರೆ ಇಸವಿ ಸರಿಯಾಗಿ ಹೇಳಬೇಕು.

ನಿಮ್ಮ ಮಗಳು