ಕಾರ್ಡಿನ ಬಾಕಿಗೆ ಮಾತ್ರ ಏಕೆ ಬೇರೆ ನ್ಯಾಯ? ಉಡುಪಿ–ಚಿಕ್ಕಮಗಳೂರು ಸಂಸದರಿಗೆ ಬಹಿರಂಗ ಪತ್ರ

ಮಾನ್ಯರೇ,

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಮಲ್ಪೆ ಬಂದರಿನಲ್ಲಿ ಯಾಂತ್ರಿಕ ಬೋಟುಗಳು ಕಟ್ಟಿಹಾಕಿರುತ್ತವೆ. ಆ 61 ದಿನ ದುಡಿಮೆ ಇಲ್ಲ. ಮಕ್ಕಳ ಶಾಲೆ ಫೀಸು, ಮಳೆಗಾಲದ ಮನೆಖರ್ಚು ಎಲ್ಲ ಓಡಿ (ಓವರ್‌ಡ್ರಾಫ್ಟ್, ಅಂದರೆ ಗೊತ್ತುಪಡಿಸಿದ ಮಿತಿಯೊಳಗೆ ಬೇಕಾದಾಗ ಸಾಲ ತೆಗೆಯುವ) ಖಾತೆಯ ಮೇಲೋ ಕ್ರೆಡಿಟ್ ಕಾರ್ಡಿನ ಮೇಲೋ ಬೀಳುವುದು ಆಗಲೇ. ಜಿಲ್ಲಾ ಮಟ್ಟದ ಬ್ಯಾಂಕಿಂಗ್ ಪರಿಶೀಲನಾ ಸಭೆಗೆ ಹೋಗುವ ಮುನ್ನ ಈ ಲೆಕ್ಕವನ್ನು ತಾವೊಮ್ಮೆ ನೋಡಬೇಕು.

ಕಾರ್ಡಿನ ಬಿಲ್ಲು 40,000 ರೂಪಾಯಿ, ಕಟ್ಟಲೇಬೇಕಾದ ಕನಿಷ್ಠ ಮೊತ್ತ ಶೇ. 5, ಅಂದರೆ 2,000 ಎಂದಿಟ್ಟುಕೊಳ್ಳಿ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 1,400. ಅದರ ಮೇಲೆ ಶೇ. 18 ಜಿಎಸ್‌ಟಿ, 252. ಕಟ್ಟಿದ ಎರಡು ಸಾವಿರದಲ್ಲಿ ಅಸಲಿಗೆ ಹೋದದ್ದು 348 ರೂಪಾಯಿ. ಹೊಸದಾಗಿ ಏನನ್ನೂ ಕೊಳ್ಳದೆ, ಒಂದು ದಿನವೂ ತಡಮಾಡದೆ ವರ್ಷವಿಡೀ ಹೀಗೆ ಶೇ. 5 ಕಟ್ಟುತ್ತ ಹೋದರೆ ಕೈಯಿಂದ ಹೋಗುವುದು ಸುಮಾರು 22,900. ಬಾಕಿ ಇನ್ನೂ ಸುಮಾರು 36,000. ಜತೆಗೆ, ಹಿಂದಿನ ಬಾಕಿ ಒಂದಿಷ್ಟು ಉಳಿದರೂ ಬಡ್ಡಿರಹಿತ ಅವಧಿ ರದ್ದಾಗುತ್ತದೆ. ಮರುದಿನ ಅಂಗಡಿಯಲ್ಲಿ ಕೊಂಡ ಅಕ್ಕಿಗೂ ಕೊಂಡ ದಿನದಿಂದಲೇ ಬಡ್ಡಿ. ‘ಕನಿಷ್ಠ ಕಟ್ಟಿದರೆ ಸಾಕು’ ಎಂಬ ಮಾತನ್ನು ನಂಬಿದವರಿಗೆ ಇದು ತಿಳಿಯುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ.

ಎಟಿಎಂನಲ್ಲಿ ಕಾರ್ಡು ಹಾಕಿ ನಗದು ತೆಗೆಯುವುದು ಇನ್ನೂ ದುಬಾರಿ. 10,000 ತೆಗೆದರೆ ಅನೇಕ ಕಾರ್ಡುಗಳಲ್ಲಿ ಕನಿಷ್ಠ ಶುಲ್ಕವೇ 500. ಒಂದು ತಿಂಗಳ ಬಡ್ಡಿ 350. ಎರಡಕ್ಕೂ ಸೇರಿ ಜಿಎಸ್‌ಟಿ 153. ಹತ್ತು ಸಾವಿರಕ್ಕೆ ತಿಂಗಳಲ್ಲಿ 1,003 ರೂಪಾಯಿ. ಬಡ್ಡಿಯೇ ಇಲ್ಲವೆಂದು ಹೇಳುವ ‘ನೋ ಕಾಸ್ಟ್ ಇಎಂಐ’ ಕಂತಿನಲ್ಲೂ ಸಂಸ್ಕರಣಾ ಶುಲ್ಕ ಮತ್ತು ಬಡ್ಡಿಯ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಗ್ರಾಹಕನ ತಲೆಗೇ.

ಓಡಿಯ ದರ ಇಷ್ಟಿಲ್ಲ, ಆದರೆ ಅದರ ಪೆಟ್ಟು ಬೇರೆ ರೀತಿಯದು. 5 ಲಕ್ಷದ ಮಿತಿಯನ್ನು ಪೂರ್ತಿ ಬಳಸಿಕೊಂಡವರಿಗೆ ಶೇ. 12ರ ದರದಲ್ಲಿ ತಿಂಗಳಿಗೆ ಸುಮಾರು 5,000 ಬಡ್ಡಿ. ಮೇ 31ಕ್ಕೆ ಆ ಬಡ್ಡಿಯನ್ನು ಖಾತೆಗೆ ಖರ್ಚು ಹಾಕಿದ ಕೂಡಲೇ ಬಾಕಿ ಮಿತಿ ದಾಟುತ್ತದೆ, ಅದಕ್ಕೆ ದಂಡ ಬೇರೆ. ಸತತ 90 ದಿನ ಮಿತಿ ಮೀರಿಯೇ ಉಳಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಮೇ 31ರಿಂದ ಎಣಿಸಿದರೆ ಆಗಸ್ಟ್ 29ಕ್ಕೆ 90 ದಿನ. ಬೋಟು ಕಡಲಿಗಿಳಿದು ಇನ್ನೂ ತಿಂಗಳಾಗಿರುವುದಿಲ್ಲ, ಗಾಳಿಮಳೆ ಬಿಡದಿದ್ದರೆ ಮೀನೂ ಬಂದಿರುವುದಿಲ್ಲ. ಬೋಟಿನವರು ಏಪ್ರಿಲ್‌ನಲ್ಲೇ ಮೂರು ತಿಂಗಳ ಬಡ್ಡಿಯಷ್ಟು, ಅಂದರೆ 15,000ಕ್ಕಿಂತ ತುಸು ಹೆಚ್ಚು, ಮಿತಿಯೊಳಗೆ ಖಾಲಿ ಬಿಡುವುದು ಕ್ಷೇಮ. ಖಾತೆಯಲ್ಲಿ ಹಣವಿಲ್ಲದೆ ಸಾಲದ ಕಂತು ವಾಪಸಾದರೆ ಖಾತೆ ಇರುವ ಬ್ಯಾಂಕೂ ಸಾಲ ಕೊಟ್ಟ ಸಂಸ್ಥೆಯೂ ಶುಲ್ಕ ಹಾಕುತ್ತವೆ. ಅದೇ ಕಂತನ್ನು ಮತ್ತೆ ಕಳಿಸಿ ಮತ್ತೆ ವಾಪಸಾದರೆ ಮತ್ತೊಮ್ಮೆ.

ತಾವು ದೆಹಲಿಯಲ್ಲಿ ಎತ್ತಬೇಕಾದ ವಿಷಯ ಇದು. ಇತರ ಸಾಲಗಳ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕಾರ್ಡಿನ ಬಡ್ಡಿಗೆ ಇದೆ. ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸುತ್ತೋಲೆ ಕಾರ್ಡಿಗೆ ಅನ್ವಯಿಸುವುದಿಲ್ಲ. ಸಾಲದ ಒಟ್ಟು ವಾರ್ಷಿಕ ವೆಚ್ಚವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂಬ 2024ರ ನಿಯಮದಿಂದಲೂ ಕಾರ್ಡಿನ ಬಾಕಿಗೆ ವಿನಾಯಿತಿ. ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ಅತಿ ಹೆಚ್ಚು ಬಡ್ಡಿಯ ಸಾಲಕ್ಕೇ ಅತಿ ಕಡಿಮೆ ರಕ್ಷಣೆ! ಮೊದಲ ಮೂರು ತಾರತಮ್ಯಗಳನ್ನು ತೆಗೆಯಿರೆಂದು ಲೋಕಸಭೆಯಲ್ಲಿ ಹಣಕಾಸು ಸಚಿವರನ್ನು ಕೇಳಿ.

ಜಿಲ್ಲೆಯ ಸಭೆಯಲ್ಲಿ ಆಗಬಹುದಾದದ್ದೂ ಇದೆ. ಕಾರ್ಡಿನ ಅರ್ಜಿಯ ಜತೆ ಒಂದು ಪುಟದ ಮುಖ್ಯಾಂಶ ಪತ್ರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವೇ ಹೇಳಿದೆ. ಅದು ಕನ್ನಡದಲ್ಲಿರಲಿ, ಮೇಲಿನಂಥ ಲೆಕ್ಕ ಶೇಕಡಾವಾರಿನಲ್ಲಲ್ಲ, ರೂಪಾಯಿಯಲ್ಲಿರಲಿ. ಕಾರ್ಡು ಮುಚ್ಚಲು ಕೋರಿದರೆ, ಬಾಕಿ ಇಲ್ಲದಿದ್ದಲ್ಲಿ, ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಸಲ್ಲಬೇಕು. ಬ್ಯಾಂಕು ದೂರಿಗೆ 30 ದಿನ ಉತ್ತರಿಸದಿದ್ದರೆ ದೂರು ವಿಚಾರಿಸಲು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಇವಿಷ್ಟನ್ನೂ ಪ್ರತಿ ಶಾಖೆಯ ಬಾಗಿಲಲ್ಲಿ ಕನ್ನಡದಲ್ಲಿ ಹಾಕಿಸಲು ಹೊಸ ಕಾನೂನು ಬೇಡ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಭೆಯಲ್ಲಿ ತಮ್ಮ ಒಂದು ಪ್ರಶ್ನೆ ಸಾಕು. 1928ರಲ್ಲಿ, ದಿನಕ್ಕಿಷ್ಟೆಂದು ಚಿಲ್ಲರೆ ಕೂಡಿಡುವ ಪಿಗ್ಮಿ ಠೇವಣಿ ಶುರುವಾದ ಊರಿದು. ಎರಡಾಣೆಗೂ ಇಲ್ಲಿ ಲೆಕ್ಕವಿತ್ತು.

ಮುಂದಿನ ಮೇ ತಿಂಗಳೊಳಗೆ, ಬೋಟುಗಳು ದಡ ಸೇರುವ ಮೊದಲು, ಬೋಟಿನ ಓಡಿ ಖಾತೆಗಳ ಬಡ್ಡಿ ಕಟ್ಟುವ ದಿನವನ್ನು ನಿಷೇಧದ ಅವಧಿಗೆ ಹೊಂದಿಸುವ ಬಗ್ಗೆ ಜಿಲ್ಲೆಯ ಬ್ಯಾಂಕುಗಳನ್ನು ಸಮನ್ವಯಗೊಳಿಸುವ ಲೀಡ್ ಬ್ಯಾಂಕಿನಿಂದ ಲಿಖಿತ ಉತ್ತರ ಪಡೆದು ಜನರ ಮುಂದಿಡಿ.

ಇತಿ,
ಉಡುಪಿಯ ಕೆಲವು ಬ್ಯಾಂಕ್ ಲೆಕ್ಕಿಗರು